ಗಂಜಿಗೆ ಬಂದ ಪದ

ನಮ್ಮೂರಿನಲ್ಲಿ ಮನೆಗಳಿಗೆ ಯಜಮಾನರ ಹೆಸರಿಲ್ಲ, ಪದದ ಹೆಸರು. ಕಡಲಿಗೆ ಮುಖ ಮಾಡಿ ನಿಂತರೆ ಮೊದಲು ಸಿಗುವುದು ಗ್ಲೋಮಿಂಗ್ ಮನೆ, ಅದರ ಪಕ್ಕ ಓವರ್‌ಮಾರೋ ಮನೆ, ಎದುರಿಗೆ ಗ್ರೋಕ್ ಮನೆ. ಹೊರಗಿನವರು ಬಂದು ಇದೇನು ಇಂಥ ಹೆಸರು ಎಂದು ಕೇಳಿದರೆ, ಗಂಜಿಗೆ ಬಂದದ್ದು ಎಂದು ಹೇಳಿ ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ.

ನಮ್ಮ ಅಜ್ಜನ ಅಜ್ಜನೂ ಹುಟ್ಟುವ ಮೊದಲು ಇಂಗ್ಲಿಷರ ಹಡಗೊಂದು ನಮ್ಮ ಬಂಡೆಗೆ ಬಡಿದು ಒಡೆಯಿತು. ಬದುಕಿದವರನ್ನು ಅಲೆ ದಡಕ್ಕೆ ತಂದು ಹಾಕಿತು. ಊರಿನವರು ಒಬ್ಬೊಬ್ಬರನ್ನು ಒಂದೊಂದು ಮನೆಗೆ ಎತ್ತಿಕೊಂಡು ಹೋಗಿ ಗಂಜಿ ಕುಡಿಸಿದರು. ಉಂಡದ್ದಕ್ಕೆ ಏನಾದರೂ ಕೊಡಬೇಕಲ್ಲ, ಅವರ ಬಳಿ ಏನಿತ್ತು? ಮೈಮೇಲಿನ ಬಟ್ಟೆಯೂ ನೀರುಪಾಲಾಗಿತ್ತು. ಆಗ ಒಬ್ಬೊಬ್ಬರೂ ತಾವು ಗಂಜಿ ಕುಡಿದ ಮನೆಗೆ ಒಂದೊಂದು ಪದ ಕೊಟ್ಟರು. ಹೊಸ ಪದಗಳಲ್ಲ, ಹಳೆಯವು. ಅವರ ದೇಶದಲ್ಲೇ ಬಳಕೆ ತಪ್ಪಿ, ಮುದುಕರ ಬಾಯಲ್ಲಿ ಮಾತ್ರ ಉಳಿದಿದ್ದ ಪದಗಳು. ಹಡಗಿನವರು ಯಾರೂ ತಿರುಗಿ ಹೋಗಲಿಲ್ಲ. ಅವರ ಗೋರಿಗಳು ಗಾಳಿಮರದ ತೋಪಿನಲ್ಲಿವೆ, ಪದಗಳು ನಮ್ಮ ಮನೆಗಳಲ್ಲಿವೆ.

ಗ್ಲೋಮಿಂಗ್ ಎಂದರೆ ಮುಸ್ಸಂಜೆ. ಓವರ್‌ಮಾರೋ ಎಂದರೆ ನಾಡಿದ್ದು. ನಮ್ಮಲ್ಲಿ ಮೀನು ಮಾರುವವಳ ಬಾಯಲ್ಲೂ ಓಡಾಡುವ ನಾಡಿದ್ದು ಅವರ ದೇಶದಲ್ಲಿ ಸತ್ತೇಹೋಯಿತಂತೆ. ನಾಳೆ ಕಳೆದರೆ ಬರುವ ದಿನವನ್ನು ಹೇಳಬೇಕಾದರೆ ಅವರು ಈಗ ಸುತ್ತಿ ಬಳಸಿ ಹೇಳಬೇಕಂತೆ. ಪಾಪ ಅನಿಸುತ್ತದೆ. ಗ್ರೋಕ್ ಎಂದರೆ ಉಣ್ಣುವವರ ಬಾಯನ್ನೇ ನೋಡುತ್ತ, ಒಂದು ತುತ್ತು ಸಿಕ್ಕೀತೆಂದು ಕೂರುವುದು. ಆ ಮನೆಯಲ್ಲಿ ಪದ ನಿಜವಾಗಿ ಇರುವುದು ನಾಯಿಯ ಹತ್ತಿರ ಎಂದು ನಾವು ಚುಡಾಯಿಸುತ್ತೇವೆ.

ಪದ ಇಟ್ಟುಕೊಳ್ಳುವುದಕ್ಕೆ ಒಂದು ಕಟ್ಟಳೆ ಇದೆ. ಪದ ಬೇಕಾದವರು ತಮ್ಮ ಕೈಯಾರೆ ಗಂಜಿ ಮಾಡಿ, ಪದ ಕೊಡುವವರ ಬಾಯಿಗೆ ಕೈಯಾರೆ ಹಾಕಬೇಕು. ಕೊಡುವವರು ಗಂಜಿ ನುಂಗಿ, ಬೇಡಿದವರ ಕಿವಿಯಲ್ಲಿ ಒಂದೇ ಸಲ ಪದ ಹೇಳಬೇಕು. ಅದೂ ಆ ಪದ ಹೇಳುವ ಸಂಗತಿ ನಿಜವಾಗಿ ಎದುರಿಗೆ ಇರುವಾಗ ಮಾತ್ರ. ಮುಸ್ಸಂಜೆಯ ಪದವನ್ನು ಮಧ್ಯಾಹ್ನ ಕೊಡಲಾಗುವುದಿಲ್ಲ. ಇನ್ನೊಂದು, ಪದ ನೀರಿನ ಹಾಗೆ. ಹಿರಿಯರಿಂದ ಕಿರಿಯರಿಗೆ ಇಳಿಯುತ್ತದೆ, ಮೇಲಕ್ಕೆ ಏರುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಪದ ಕೊಟ್ಟವರನ್ನು ಬಿಟ್ಟು ಹೋಗುವಾಗ ಅದು ಒಂಟಿಯಾಗಿ ಹೋಗುವುದಿಲ್ಲ, ತನ್ನ ಸಂಗತಿಯನ್ನೂ ಕರೆದುಕೊಂಡು ಹೋಗುತ್ತದೆ. ಪದವೇ ಇಲ್ಲದವರಿಗೆ ಈ ಲೋಕದ ಎಲ್ಲದರಲ್ಲೂ ಒಂದು ಪಾಲು ಇದ್ದೇ ಇದೆ. ಪದ ಇಟ್ಟುಕೊಂಡವರಿಗೆ ಆ ಒಂದು ಸಂಗತಿ ಬಟ್ಟಲು ತುಂಬಿ ಬರುತ್ತದೆ. ಕೊಟ್ಟವರಿಗೆ ಬಟ್ಟಲೇ ಇಲ್ಲ.

ಫಡ್ಜೆಲ್ ಎಂಬ ಪದದ ಮನೆಯೊಂದಿದೆ. ಫಡ್ಜೆಲ್ ಎಂದರೆ ಕೆಲಸ ಮಾಡುವಂತೆ ನಟಿಸುತ್ತ ಏನೂ ಮಾಡದಿರುವುದು. ಆ ಮನೆಯ ಹಿರಿಯ ತನ್ನ ಪದವನ್ನು ಮಗನಿಗೆ ದಾಟಿಸಿದ ಮರುದಿನದಿಂದ ಗೋಡೆ ಕಟ್ಟಲು ಹೋದರೆ ಗೋಡೆಯನ್ನೇ ಕಟ್ಟತೊಡಗಿದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ಗ್ಲೋಮಿಂಗ್ ಮನೆಯ ಮುದುಕಿ ಪದ ಕೊಟ್ಟಮೇಲೆ ಅವಳಿಗೆ ಮುಸ್ಸಂಜೆಯೇ ಇಲ್ಲ. ಹಗಲು ಇದ್ದಂತೆಯೇ ಕತ್ತಲಾಗಿಬಿಡುತ್ತದೆ. ದೀಪ ಹಚ್ಚೋಣ ಎಂದು ಏಳುವಷ್ಟರಲ್ಲಿ ಎಡವಿ ಬೀಳುತ್ತಾಳೆ. ಅದಕ್ಕೆ ಯಾರೂ ನಗಲಿಲ್ಲ. ನಮ್ಮೂರಿನ ಹಿರಿಯರು ಪದ ಕೊಡುವುದನ್ನು ಮುಂದೂಡುತ್ತ ಹೋಗುವುದು ಇದಕ್ಕೇ. ಯಾರನ್ನು ದೂರುವುದು?

ಊರಿನ ಕೊನೆಯಲ್ಲಿ, ಬಂಡೆಯ ನೆತ್ತಿಯ ಮೇಲೆ, ರೆಸ್ಪೇರ್ ಮನೆ ಇದೆ. ರೆಸ್ಪೇರ್ ಎಂದರೆ ಪೂರ್ತಿ ಕಳೆದುಹೋದ ಭರವಸೆ ತಿರುಗಿ ಬರುವುದು. ಸುಮ್ಮನೆ ಭರವಸೆಯಲ್ಲ, ಅದು ಎಲ್ಲರಲ್ಲೂ ಇರುತ್ತದೆ. ಸತ್ತು, ಸುಟ್ಟು, ಬೂದಿಯೂ ಹಾರಿಹೋದಮೇಲೆ ಮತ್ತೆ ಬಾಗಿಲು ತಟ್ಟುವಂಥದ್ದು. ಅಂಥದ್ದಕ್ಕೆ ಒಂದು ಪದವಿದ್ದ ಜನ ಅದನ್ನು ಬೀಸಾಡಿದರಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆ ಮನೆಯಲ್ಲಿ ಒಬ್ಬ ತಾಯಿ, ಅವಳ ಮಗಳು, ಮಗಳ ಮಗು ಇದ್ದರು. ತಾಯಿ ಎಳೆ ವಯಸ್ಸಿನಲ್ಲೇ ಗಂಡನನ್ನು ಕಡಲಿಗೆ ಕೊಟ್ಟವಳು. ಆಗ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಅಪ್ಪ ಅವಳ ಕೈಯಿಂದ ಹೇಗೋ ಗಂಜಿ ಮಾಡಿಸಿ, ಕುಡಿದು, ಕಿವಿಯಲ್ಲಿ ಪದ ಹೇಳಿದ. ಅವಳು ಎದ್ದಳು, ಮಗಳನ್ನು ಸಾಕಿದಳು. ಅಪ್ಪ ಮಾತ್ರ ಅದೇ ಗೋಡೆಯ ಕಡೆ ತಿರುಗಿ ಕೂತವನು ಕಡೆಯ ತನಕ ಈ ಕಡೆ ತಿರುಗಲಿಲ್ಲ. ಹಾಗಾಗಿ ಈ ಪದ ಕೊಟ್ಟರೆ ಏನಾಗುತ್ತದೆ ಎಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮಗು ಜ್ವರದಲ್ಲಿ ಹೋಯಿತು. ಮಗಳು ಗೋಡೆಗೆ ಮುಖ ಮಾಡಿ ಮಲಗಿದಳು.

ತಾಯಿ ಮೊದಲು ಬೈದಳು, ಆಮೇಲೆ ಬೇಡಿಕೊಂಡಳು, ತಲೆಗೆ ಎಣ್ಣೆ ಹಚ್ಚಿದಳು. ಮಗಳು ಬಾಯಿಗೆ ಹಾಕಿದರೆ ನುಂಗುತ್ತಿದ್ದಳು, ಹಾಕದಿದ್ದರೆ ಕೇಳುತ್ತಿರಲಿಲ್ಲ. ಅವಳಿಗೆ ಪದ ಕೊಡೋಣವೆಂದರೆ ಅವಳು ಗಂಜಿ ಮಾಡಬೇಕು. ಗಂಜಿ ಮಾಡಬೇಕಾದರೆ ಏಳಬೇಕು. ಏಳುವ ಹಾಗಿದ್ದರೆ ಪದವೇ ಯಾಕೆ ಬೇಕಿತ್ತು? ಹಡಗಿನವರ ಕಟ್ಟಳೆಯಲ್ಲಿ ಇದೊಂದು ಗಂಟು ಇದೆ. ಅವರೇನು ಬೇಕೆಂದು ಹಾಕಿದ ಗಂಟಲ್ಲ, ಹಸಿದವರು ಕಟ್ಟಳೆ ಮಾಡಿದರೆ ಹೀಗೇ.

ತನ್ನಿಂದ ಗಂಜಿ ಮಾಡಿಸಲು ಅಪ್ಪ ಅಂದು ಮಾಡಿದ್ದನ್ನೇ ತಾಯಿ ಮಾಡಿದಳು. ಉಣ್ಣುವುದನ್ನು ಬಿಟ್ಟಳು.

ಬಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ. ಮಗಳಿಗೆ ಉಣ್ಣಿಸಿ, ಪಾತ್ರೆ ತೊಳೆದು ಕವುಚಿ ಹಾಕಿ, ನೀರು ಕುಡಿದು ಮಲಗಿದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮೊದಲು ಅದು ಉಪಾಯವಾಗಿತ್ತು. ಮಗಳ ಬೆನ್ನು ಅಲುಗಾಡದೆ ಇದ್ದದ್ದು ನೋಡಿ ನೋಡಿ, ಬರಬರುತ್ತ ಅದು ಉಪಾಯವಾಗಿ ಉಳಿಯಲಿಲ್ಲ. ತನ್ನ ಬಟ್ಟಲೂ ತಳ ಕಂಡಿತು ಎಂದು ತಾಯಿಗೆ ಅನಿಸಿತು. ಒಂದು ಬೆಳಿಗ್ಗೆ ಅವಳಿಗೆ ಚಾಪೆಯಿಂದ ಏಳಲಾಗಲಿಲ್ಲ.

ಅವತ್ತು ಮಗಳ ಬಾಯಿಗೆ ತುತ್ತು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಹೊರಳಿ ನೋಡಿದಳು. ತಾಯಿಯ ಕೈ ಚಾಪೆಯ ಆಚೆ ಬಿದ್ದಿತ್ತು, ಬಳೆ ಮೊಣಕೈ ತನಕ ಜಾರಿತ್ತು.

"ಅಮ್ಮಾ, ಉಂಡಿಲ್ವಾ ನೀನು?" ಎಂದಳು ಮಗಳು.

ತಾಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಎಷ್ಟು ದಿನ ಆಯ್ತು?"

"ನಿನಗ್ಯಾಕೆ ಅದೆಲ್ಲ. ಮಲಕ್ಕೋ."

ಮಗಳು ಗೋಡೆ ಹಿಡಿದು ಎದ್ದಳು. ಕಾಲು ಅವಳದೇ ಎಂದು ಅವಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಡುಗೆಮನೆಗೆ ಹೋದಳು. ಮಲಗಿದ್ದಲ್ಲಿಂದಲೇ ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಡಬ್ಬದ ಮುಚ್ಚಳ ತೆಗೆದದ್ದು, ಅಕ್ಕಿ ತೊಳೆದ ನೀರು ಚೆಲ್ಲಿದ್ದು, ಊದುಕೊಳವೆ ಹುಡುಕಿದ್ದು, ಊದಿದ್ದು, ಕೆಮ್ಮಿದ್ದು. ಆಮೇಲೆ ಹೊಗೆ ಬಂತು, ಹೊಗೆಯ ಹಿಂದೆ ಬೇಯುವ ಅಕ್ಕಿಯ ವಾಸನೆ ಬಂತು. ಆ ವಾಸನೆಯ ಜೊತೆಗೆ ತಾಯಿಯ ಎದೆಗೆ ಬತ್ತಿಹೋಗಿದ್ದ ಭರವಸೆ ತಿರುಗಿ ಬಂತು, ಬಟ್ಟಲು ತುಂಬಿ ಚೆಲ್ಲುವ ಹಾಗೆ. ಅವಳು ಅಳತೊಡಗಿದಳು.

ಇದೇ ಹೊತ್ತು ಎಂದುಕೊಂಡಳು ಅವಳು. ಗಂಜಿ ಇದೆ, ಮಗಳ ಕೈ ಇದೆ, ಸಂಗತಿ ತನ್ನೊಳಗೆ ನಿಂತಿದೆ. ಈ ಹೊತ್ತು ತಪ್ಪಿದರೆ ಇನ್ನೊಂದು ಬರುವ ಖಾತ್ರಿ ಏನು? ಮಗಳು ಪಕ್ಕದಲ್ಲಿ ಕೂತು, ಊದಿ ಆರಿಸಿ, ಸೌಟಿನಿಂದಲೇ ಬಾಯಿಗೆ ಗಂಜಿ ಹಾಕಿದಳು. ತಾಯಿ ನುಂಗಿದಳು. ಮಗಳ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬೇಡಮ್ಮಾ" ಎಂದಳು ಮಗಳು. ಅವಳಿಗೆ ಗೊತ್ತಾಗಿತ್ತು. "ಅಮ್ಮಾ, ತಡಿ, ನಾನು ಹೇಳೋದು ಕೇಳು…"

ತಾಯಿ ಕೇಳಲಿಲ್ಲ. ಕಿವಿಯಲ್ಲಿ ಪದ ಹೇಳಿಬಿಟ್ಟಳು.

ಆಮೇಲಿನದು ಊರೇ ಕಂಡದ್ದು. ಮಗಳು ಮರುದಿನ ತಲೆ ಸ್ನಾನ ಮಾಡಿದಳು. ಮಗುವಿನ ಬಟ್ಟೆಗಳನ್ನು ಒಗೆದು, ಒಣಗಿಸಿ, ಮಡಿಸಿ, ಗ್ರೋಕ್ ಮನೆಯ ಕೂಸಿಗೆ ಕೊಟ್ಟು ಬಂದಳು. ಹಿತ್ತಿಲಲ್ಲಿ ನುಗ್ಗೆಯ ಕೊಂಬೆ ನೆಟ್ಟಳು. ಬಾವಿಕಟ್ಟೆಯಲ್ಲಿ ಯಾರೋ ಏನೋ ಹೇಳಿದ್ದಕ್ಕೆ ಒಮ್ಮೆ ನಕ್ಕಳು, ನಕ್ಕದ್ದಕ್ಕೆ ನಾಚಿಕೊಂಡಳು. ಊರು ನಿಟ್ಟುಸಿರು ಬಿಟ್ಟಿತು. ಆದರೆ ರೆಸ್ಪೇರ್ ಮನೆಯ ಕಿಟಕಿಯಲ್ಲಿ ಇಣುಕಿದವರಿಗೆ ಗೋಡೆಯ ಕಡೆ ತಿರುಗಿದ ಇನ್ನೊಂದು ಬೆನ್ನು ಕಾಣುತ್ತಿತ್ತು.

ತಾಯಿಗೆ ಕಾಯಿಲೆಯೇನೂ ಇರಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದಳು, ಹೇಳಿದರೆ ಕಸ ಗುಡಿಸುತ್ತಿದ್ದಳು. ನುಗ್ಗೆ ಚಿಗುರಿದೆ ಬಂದು ನೋಡು ಎಂದರೆ ಬಂದು ನೋಡಿ, ಹೌದು ಚಿಗುರಿದೆ ಎಂದು ಒಳಗೆ ಹೋಗುತ್ತಿದ್ದಳು. ಮಗಳು ಬೆಳಿಗ್ಗೆ ಕಿಟಕಿ ತೆಗೆದರೆ, ತೆಗೆದಿರಲಿ ಎಂದೂ ಹೇಳುತ್ತಿರಲಿಲ್ಲ, ಮುಚ್ಚು ಎಂದೂ ಹೇಳುತ್ತಿರಲಿಲ್ಲ.

ಮಗಳು ಪದವನ್ನು ವಾಪಸ್ಸು ಕೊಡಲು ನೋಡಿದಳು. ತಾಯಿಯ ಕೈಗೆ ಸೌಟು ಹಿಡಿಸಿ, ಅಕ್ಕಿ ತೊಳೆಸಿ, ಒಲೆ ಊದಿಸಿ ಗಂಜಿ ಮಾಡಿಸಿದಳು. ಬಾಯಿ ತೆರೆದು ಕೂತಳು. ತಾಯಿ ಹಾಕಿದಳು. ಮಗಳು ನುಂಗಿ, ತಾಯಿಯ ಕಿವಿಗೆ ಬಾಯಿಟ್ಟು ಪದ ಹೇಳಿದಳು.

"ಕೇಳಿಸ್ತಾಮ್ಮಾ?"

"ಗಾಳಿ ಬಂದ ಹಾಗಾಯ್ತು" ಎಂದಳು ತಾಯಿ. "ಕಿವಿ ಬೆಚ್ಚಗಾಯ್ತು, ಅಷ್ಟೇ. ಬಿಡು ಮಗಾ, ಅದು ಏರೋದಿಲ್ಲ."

ಆಗ ಮಗಳು ಅಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಿದಳು. ಹೇಳಬಾರದು ಎಂದುಕೊಂಡೇ ಹೇಳಿದಳು. "ನೀನು ಕೊಡಬೇಕಾಗಿರಲಿಲ್ಲ ಅಮ್ಮಾ. ಆವತ್ತು ಒಲೆ ಊದ್ತಾ ಇದ್ನಲ್ಲ, ಬೆಂಕಿ ಹತ್ತಿಕೊಳ್ತಾ ಇತ್ತಲ್ಲ, ಆಗ್ಲೇ ನನ್ನೊಳಗೆ ಏನೋ ಬಂತು. ಸಣ್ಣದು. ಅಮ್ಮನಿಗೆ ಉಣ್ಣಿಸಬೇಕು ಅಂತ. ಅದೇ ಸಾಕಿತ್ತು ನನಗೆ. ಅದನ್ನೇ ಹೇಳೋಕೆ ಬಂದೆ, ನೀನು ಕೇಳಲಿಲ್ಲ."

ತಾಯಿ ಗೋಡೆಯ ಕಡೆ ತಿರುಗಿದಳು. ಅವಳು ಮಾಡಿದ್ದು ನಮ್ಮೂರಿನವರು ಮಾತ್ರ ಮಾಡುವ ತಪ್ಪು. ಪದ ಕೊಡದೆ ಸಂಗತಿ ದಾಟುವುದಿಲ್ಲ ಎಂದು ನಾವು ತಲೆತಲಾಂತರದಿಂದ ನಂಬಿ, ಪದ ಇಲ್ಲದೆಯೂ ತಾನೇ ನಡೆದು ಬಂದದ್ದನ್ನು ಗುರುತಿಸುವುದನ್ನೇ ಮರೆತಿದ್ದೇವೆ.

"ಇರಲಿ ಬಿಡು" ಎಂದಳು ತಾಯಿ. "ಎರಡು ಪಾಲು ಆಯ್ತು ನಿನಗೆ. ಒಂದು ಖರ್ಚಾದ್ರೆ ಇನ್ನೊಂದು ಇರತ್ತೆ."

ಹೀಗೆ ಚಳಿಗಾಲ ಬಂತು. ನಮ್ಮೂರ ಚಳಿ ಮೇಲಿನಿಂದ ಬೀಳುವುದಲ್ಲ, ಬಂಡೆಯೊಳಗಿಂದ ಏಳುವುದು. ಹಾಸಿಗೆಯಲ್ಲಿದ್ದರೂ ಮೂಳೆಯನ್ನು ಹುಡುಕಿಕೊಂಡು ಬರುತ್ತದೆ.

ಈಗ ಬಿಸಿಲಜ್ಜನ ಮಾತು. ಅವನ ಮನೆಯ ಪದ ಏಪ್ರಿಸಿಟಿ. ಏಪ್ರಿಸಿಟಿ ಎಂದರೆ ಚಳಿಗಾಲದ ಬಿಸಿಲು ಮೈಗೆ ಕೊಡುವ ಹಿತ. ಬಿಸಿಲಲ್ಲ, ಹಿತ. ಆ ಮುದುಕನಿಗೆ ಹಿಂದಿಲ್ಲ ಮುಂದಿಲ್ಲ, ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ಬಂಡೆಯ ಈ ಕಡೆ ಬಂದದ್ದೇ ತಡ, ಹಳೆಯ ಉಪ್ಪಿನ ಗೋದಾಮಿನ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದ. ಅವನ ಮುಖ ನೋಡಿದರೆ ನಮಗೂ ಅರ್ಧ ಚಳಿ ಬಿಡುತ್ತಿತ್ತು. ಮನೆ ಬಿಟ್ಟು ಮನೆಗೆ ಪದ ನಿಲ್ಲುವುದಿಲ್ಲ ಎಂಬ ಮಾತಿದ್ದರೂ, ಪದಕ್ಕಾಗಿ ಎಷ್ಟೋ ಮನೆಯವರು ಗಂಜಿ ಹೊತ್ತುಕೊಂಡು ಅವನ ಬಾಗಿಲಿಗೆ ಹೋಗಿದ್ದರು. ಎಲ್ಲರಿಗೂ ಒಂದೇ ಉತ್ತರ ಸಿಗುತ್ತಿತ್ತು. "ನನಗಿರೋದು ಇದೊಂದೇ ಸುಖ. ಇದನ್ನೂ ಕೊಟ್ಟು ನಾನೇನು ಕಲ್ಲಾಗಿ ಕೂರಲಾ?" ಇಂಥ ಜಿಪುಣ ಇನ್ನೊಬ್ಬನಿಲ್ಲ ಎಂದು ಊರು ಆಡಿಕೊಳ್ಳುತ್ತಿತ್ತು. ನಾನೂ ಆಡಿಕೊಂಡಿದ್ದೇನೆ.

ಒಂದು ಬೆಳಿಗ್ಗೆ ಬಿಸಿಲಜ್ಜ ಕೋಲೂರಿಕೊಂಡು ರೆಸ್ಪೇರ್ ಮನೆಯ ಏರು ಹತ್ತಿದ. ಹತ್ತುವಷ್ಟರಲ್ಲಿ ಅವನ ಉಸಿರು ಮುಗಿದಿತ್ತು. ಹೊಸಿಲಿನಾಚೆ ನಿಂತು ಕೂಗಿದ.

"ತಂಗೀ, ಹಸಿವಾಗ್ತಿದೆ. ಒಂದು ಸೌಟು ಗಂಜಿ ಇದ್ರೆ ಹಾಕು."

ತಾಯಿ ಒಳಗಿನಿಂದಲೇ ಹೇಳಿದಳು, "ಮಗಳು ಬಾವಿಗೆ ಹೋಗಿದಾಳೆ ಅಣ್ಣ. ಬಂದ್ಮೇಲೆ ಹಾಕ್ತಾಳೆ."

"ಅಷ್ಟು ಹೊತ್ತು ತಡೆಯೋ ಹಸಿವಲ್ಲ ಇದು."

ಹಸಿದು ಬಂದವರನ್ನು ಹಾಗೇ ಕಳಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ಭರವಸೆ ಹೋದರೂ ರೂಢಿ ಹೋಗುವುದಿಲ್ಲ, ಅದು ಕೈಯಲ್ಲಿ ಇರುವಂಥದ್ದು. ತಾಯಿ ಎದ್ದಳು. ಅಕ್ಕಿ ತೊಳೆದಳು, ಒಲೆ ಹಚ್ಚಿದಳು, ಊದಿದಳು. ಯಾಕೆ ಊದುತ್ತಿದ್ದೇನೆ ಎಂದು ಅವಳಿಗೆ ಅನಿಸುತ್ತಿರಲಿಲ್ಲ, ಊದದಿರಲು ಕಾರಣವೂ ಇರಲಿಲ್ಲ. ಗಂಜಿ ಬೆಂದಿತು. ಬಟ್ಟಲಿಗೆ ಹಾಕಿ ಹೊರಗೆ ತಂದಳು.

ಅಜ್ಜ ಜಗಲಿಯ ಗೋಡೆಗೆ ಒರಗಿ ಕೂತಿದ್ದ. ಬಿಸಿಲು ಆ ಗೋಡೆಯ ಮೇಲೆ ಬಂದಿತ್ತು. ಅವನು ಕಣ್ಣು ಮುಚ್ಚಿದ್ದ. ಗಾಳಿ ಬೀಸುತ್ತಿದ್ದರೂ ಅವನ ಮುಖದಲ್ಲಿ ಚಳಿ ಇರಲಿಲ್ಲ. ಅವನ ಆ ಮುಖವನ್ನು ಊರಿನಲ್ಲಿ ಯಾರಾದರೂ ಕಂಡದ್ದು ಅದೇ ಕೊನೆ.

"ನನ್ನ ಕೈ ನಡುಗತ್ತೆ ತಂಗಿ, ಬಟ್ಟಲು ಹಿಡಿಯೋಕಾಗಲ್ಲ. ನೀನೇ ಬಾಯಿಗೆ ಹಾಕು" ಎಂದ.

ತಾಯಿ ಪಕ್ಕದಲ್ಲಿ ಕೂತು ಸೌಟಿನಲ್ಲಿ ಗಂಜಿ ತೆಗೆದು ಹಾಕಿದಳು. ಅವನು ನಿಧಾನವಾಗಿ ನುಂಗಿದ. ಇನ್ನೊಂದು ಸೌಟು ತೆಗೆಯುವಾಗ ಅವಳಿಗೆ ತಟ್ಟನೆ ಹೊಳೆಯಿತು, ಕೈ ಅಲ್ಲೇ ನಿಂತಿತು.

"ಅಣ್ಣ, ಇದೇನು ಮಾಡ್ತಿದೀಯ?"

"ಗಂಜಿ ಕುಡೀತಿದೀನಿ."

"ಬೇಡ. ನನಗ್ಯಾಕೆ ಅದು. ನಾನು ಏನೂ ಇಲ್ದೋಳು, ನನ್ನ ಮೇಲೆ ಯಾಕೆ ಹಾಳು ಮಾಡ್ತೀಯ? ಯಾರಾದ್ರೂ ಎಳೇ ಮಕ್ಕಳಿಗೆ ಕೊಡು. ಮನೆ ಬಿಟ್ಟು ಮನೆಗೆ ಕೊಟ್ರೆ ನಿಲ್ಲಲ್ಲ ಅಂತಾರೆ ಬೇರೆ."

"ಅಂತಾರೆ. ಕೊಟ್ಟು ನೋಡಿದೋರು ಯಾರು?" ಎಂದ ಅಜ್ಜ. "ನೋಡು ತಂಗಿ, ಕಳೆದ ಚಳಿಗಾಲದಲ್ಲಿ ನಿನ್ನ ಮೊಮ್ಮಗು ಬಂದು ನನ್ನ ಪಕ್ಕ ಗೋಡೆಗೆ ಒರಗಿ ಕೂರ್ತಿತ್ತು. ಅಜ್ಜ, ನಿಂಗೆ ಜಾಸ್ತಿ ಬೆಚ್ಚಗಿದೆಯಾ, ನಂಗೂ ಸ್ವಲ್ಪ ಕೊಡು ಅಂತ ಕೇಳ್ತಿತ್ತು. ಗಂಜಿ ಮಾಡೋಷ್ಟು ದೊಡ್ಡವಳಾಗಿ ಬಾ, ಕೊಡ್ತೀನಿ ಅಂತ ಕಳಿಸಿದೆ. ತಮಾಷೆಗೆ ಹೇಳಿದ್ದು. ಆಮೇಲೆ ಬಿಸಿಲಿಗೆ ಕೂತಾಗೆಲ್ಲ ಅದೇ ಮಾತು ನೆನಪಾಗತ್ತೆ. ಹಿತ ಬರತ್ತೆ, ಜೊತೆಗೆ ಅದೂ ಬರತ್ತೆ. ಇಟ್ಟುಕೊಂಡು ಏನು ಮಾಡ್ಲಿ?"

ತಾಯಿ ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ಭರವಸೆ ಬೇಕು. ಅವಳು ಎತ್ತಿದ್ದ ಸೌಟನ್ನು ಬಟ್ಟಲಿಗೆ ಇಳಿಸಿದಳು. ಅಜ್ಜ ಅವಳ ಕಿವಿಯ ಹತ್ತಿರ ಬಾಗಿ, ಜೀವಮಾನವಿಡೀ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಆ ಪದವನ್ನು ಒಂದೇ ಸಲ ಹೇಳಿದ.

ಮಗಳು ಕೊಡ ಹೊತ್ತು ಏರು ಹತ್ತಿ ಬರುವಾಗ ಇಬ್ಬರೂ ಜಗಲಿಯ ಗೋಡೆಗೆ ಒರಗಿ ಕೂತಿದ್ದರು. ಅಜ್ಜ ಹೆಗಲ ಮೇಲಿನ ವಸ್ತ್ರವನ್ನು ಮೈತುಂಬ ಸುತ್ತಿಕೊಳ್ಳುತ್ತಿದ್ದ, ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವನ ಮೈಮೇಲೆ ಬಿಸಿಲು ಬಿದ್ದಿತ್ತು, ಬಿದ್ದದ್ದು ಬೆಳಕು ಮಾತ್ರ. ತಾಯಿ ಕಡಲಿನ ಕಡೆ ಮುಖ ಮಾಡಿದ್ದಳು. ಅವಳ ಭುಜ ಸಡಿಲವಾಗಿತ್ತು. ಮಗಳು ಕೊಡ ಇಳಿಸುವುದನ್ನೂ ಮರೆತು ಅಲ್ಲೇ ನಿಂತಳು.

ತಾಯಿಗೆ ಭರವಸೆ ತಿರುಗಿ ಬರಲಿಲ್ಲ. ಕಥೆಗಾಗಿ ಸುಳ್ಳು ಹೇಳಬಾರದು. ನುಗ್ಗೆ ಹೂಬಿಟ್ಟಾಗಲೂ ಅವಳು, ಹೌದು ಹೂಬಿಟ್ಟಿದೆ ಎಂದಳು, ಅಷ್ಟೇ. ಆದರೆ ಚಳಿಗಾಲದ ಬೆಳಗಿನಲ್ಲಿ ಅವಳು ಗೋಡೆಗೆ ಮುಖ ಮಾಡುವುದಿಲ್ಲ, ಬೆನ್ನು ಮಾಡುತ್ತಾಳೆ. ಗೋಡೆ ಅದೇ, ಹೊರಮಗ್ಗುಲು. ಮಗಳು ಬೆಂಕಿಯ ಮಡಕೆಯನ್ನು ಅಜ್ಜನ ಕಾಲ ಬಳಿ ಇಟ್ಟು, ಅವನಿಗೆ ಎರಡು ಕಂಬಳಿ ಹೊದಿಸಿ ಹೋಗುತ್ತಾಳೆ. ರಾತ್ರಿ ಅವನು ಕೆಳಗಿನ ತನ್ನ ಮನೆಗೆ ಹೋಗಿ ಮಲಗುತ್ತಾನೆ, ಬೆಳಗಾದರೆ ಏರು ಹತ್ತಿ ಬಂದು ಅವಳ ಪಕ್ಕ ಕೂರುತ್ತಾನೆ. ಬಿಸಿಲಜ್ಜ ಎಂಬ ಹೆಸರನ್ನು ಊರು ಬದಲಾಯಿಸಲಿಲ್ಲ.

ಆ ಮೊದಲ ದಿನ ಬಿಸಿಲು ಜಗಲಿಯಿಂದ ಇಳಿದು ಹೋಗುವ ಹೊತ್ತಿನಲ್ಲಿ ತಾಯಿ ಒಂದು ಮಾತು ಕೇಳಿದಳು. ಮಗಳಿಗೆ ಪದ ಕೊಟ್ಟ ದಿನದಿಂದ ಅವಳು ನಾಳೆಯ ಬಗ್ಗೆ ಏನನ್ನೂ ಕೇಳಿರಲಿಲ್ಲ.

"ನಾಳೆನೂ ಬಿಸಿಲು ಬರತ್ತಾ ಅಣ್ಣ?"

ಅಜ್ಜ ಮಗಳು ಹೊದಿಸಿದ್ದ ಕಂಬಳಿಯೊಳಗಿಂದ ಆಕಾಶ ನೋಡಿದ.

"ಬಂದ್ರೆ ನೀನೇ ಹೇಳ್ಬೇಕು ತಂಗಿ" ಎಂದ. "ನನಗಿನ್ನು ಗೊತ್ತಾಗಲ್ಲ."